ನಿಧಾನಕ್ಕೊಂದು ಮನೆ

ನನ್ನ ಅಪ್ಪ ನಶ್ಯ ಬಿಟ್ಟ ದಿನ ಎದುರುಮನೆಯ ಸೀತಾಬಾಯಿಗೆ ಸೀನು ಶುರುವಾಯಿತು. ಆಕೆ ಜನ್ಮದಲ್ಲಿ ನಶ್ಯದ ಡಬ್ಬಿ ಮುಟ್ಟಿದವಳಲ್ಲ. ಎರಡು ದಿನ ಸಹಿಸಿದಳು. ಮೂರನೆಯ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಜಗಲಿಗೆ ಬಂದು, "ಏನ್ರೀ, ಬಿಡೋಕೆ ಮುಂಚೆ ಒಂದು ಮಾತು ಕೇಳಬಾರ್ದಾ? ನಾನೇನು ಬೇಡ ಅಂತಿದ್ನಾ?" ಎಂದಳು. ಅಪ್ಪ ತಲೆ ತಗ್ಗಿಸಿ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು. ನಮ್ಮೂರಿನಲ್ಲಿ ಬಿಟ್ಟದ್ದು ಯಾವುದೂ ಇಲ್ಲವಾಗುವುದಿಲ್ಲ, ಇನ್ನೊಬ್ಬರ ಮನೆ ಸೇರುತ್ತದೆ. ಕೇಳಿ ಬಿಟ್ಟರೆ ಒಪ್ಪಿದವರ ಮನೆಗೆ ಹೋಗುತ್ತದೆ, ಕೇಳದೆ ಬಿಟ್ಟರೆ ತನಗೆ ತೋಚಿದ ಮನೆಗೆ. ಆದ್ದರಿಂದ ಯಾರಾದರೂ ಏನನ್ನಾದರೂ ಬಿಡುವಾಗ ಬೆಲ್ಲದ ಚೂರು ಹಿಡಿದು ಬೀದಿಗೆ ಬರುತ್ತಾರೆ. "ಇಂಥದ್ದು ಇಳಿಸ್ತಿದ್ದೀನಿ, ಹಿಡ್ಕೊಳ್ಳೋರು ಇದ್ದೀರಾ?" ಎಂದು ಮನೆ ಮನೆಯ ಮುಂದೆ ಕೇಳುತ್ತಾರೆ. ಹಿಡಿದುಕೊಳ್ಳುವವರು ಬೆಲ್ಲ ತಿನ್ನುತ್ತಾರೆ. ಅಷ್ಟೇ ಶಾಸ್ತ್ರ.

ಈಗ ನಾನು ಹೇಳಹೊರಟಿರುವುದು ಚೂಡಕ್ಕನ ಕಂಪ್ಯೂಟರಿನ ಸಂಗತಿ. ಚೂಡಾಮಣಿ ಎಂದು ಹೆಸರು, ಊರಿಗೆಲ್ಲ ಚೂಡಕ್ಕ. ವರ್ಷಕ್ಕೊಮ್ಮೆ ಹುಣ್ಣಿಮೆಯ ಮಧ್ಯಾಹ್ನ ಕೆರೆ ಏರಿಯ ಕಲ್ಲುಮಂಟಪದಲ್ಲಿ ನಮ್ಮೂರ ಹಳೆಯ ಕಾವ್ಯದ ಒಂದು ಸಂಧಿಯನ್ನು ಬಾಯಿಪಾಠವಾಗಿ ಹಾಡುವವಳು. ಪುಸ್ತಕ ಹಿಡಿಯದೆ ಹಾಡಿದರೂ ಅದಕ್ಕೆ ನಾವು ಓದು ಎಂದೇ ಹೇಳುತ್ತೇವೆ. ನಾನು ಆ ಓದು ಕೇಳುತ್ತಲೇ ಬೆಳೆದವನು. ಅಮ್ಮನ ಮಡಿಲಲ್ಲಿ ಮಲಗಿ ಕೇಳಿದೆ, ನೀರು ಸರಬರಾಜು ಕಚೇರಿಗೆ ರಜೆ ಹಾಕಿ ಕೇಳಿದೆ, ನಿವೃತ್ತನಾದ ಮೇಲೆ ಚೂಡಕ್ಕನ ಪಕ್ಕದಲ್ಲೇ ಕೂತು ಕೇಳಿದೆ. ದೇವರು ಎಂದರೆ ನನಗೆ ಮೊದಲು ನೆನಪಾಗುವುದು ಗುಡಿಯಲ್ಲ, ಆ ಮಂಟಪದ ತಣ್ಣನೆಯ ನೆಲ ಮತ್ತು ಅವಳ ದನಿ. ಹತ್ತು ವರ್ಷದ ಹಿಂದೆ ಚೂಡಕ್ಕನ ಎರಡೂ ಕಣ್ಣು ಹೋದವು. ಅವತ್ತಿನಿಂದ ಅವಳು ಎಲ್ಲಾದರೂ ತಡೆದರೆ ಮುಂದಿನ ಪದ ಎತ್ತಿಕೊಡುವ ಕೆಲಸ ನನ್ನದು.

ಹೋದ ವರ್ಷ ಅವಳು ತಡೆದಳು. ದೊರೆಯನ್ನು ಕಾಡಿನಲ್ಲಿ ಬಿಟ್ಟು ಕುದುರೆ ಒಂದೇ ಊರಿಗೆ ಮರಳುವ ಜಾಗ ಅದು, ಅರವತ್ತೊಂದನೆಯ ಪದ್ಯ. ನಾನು ಕಣ್ಣು ಮುಚ್ಚಿ ಕೂತಿದ್ದೆ. ಅವಳು ಬೇಕೆಂದೇ ನಿಲ್ಲಿಸಿದ್ದಾಳೆ, ಆ ಮೌನವೂ ಓದಿನದೇ ಭಾಗ ಎಂದುಕೊಂಡೆ. ಕಣ್ಣು ಬಿಡುವ ಹೊತ್ತಿಗೆ ಜನ ಸದ್ದಾಗದಂತೆ ಎದ್ದು ಹೋಗುತ್ತಿದ್ದರು. ಅರ್ಧಕ್ಕೆ ನಿಂತ ಸಂಧಿಯನ್ನು ಮರುವರ್ಷ ಮತ್ತೆ ಮೊದಲಿಂದ ಓದಬೇಕು. ಅಂದರೆ ಆ ಕುದುರೆ ಊರ ಬಾಗಿಲಿಗೆ ಬರದೆ ಒಂದು ವರ್ಷವಾಗಿತ್ತು.

"ಈ ಸಲವೂ ನಿಂತರೆ ಓದೋದೇ ಬಿಟ್ಬಿಡ್ತೀನಿ ಕಣೋ ಅಚ್ಯುತ," ಎಂದಳು, ಓದಿಗೆ ಹನ್ನೆರಡು ದಿನ ಇದ್ದಾಗ.

"ಬಿಟ್ರೆ ಯಾರ ಮನೆ ಸೇರುತ್ತೋ ಏನೋ ಚೂಡಕ್ಕ."

"ಡ್ರಿಲ್ ಮೇಷ್ಟ್ರು ಮನೆ ಸೇರಲಿ. ಎಡ ಬಲ, ಎಡ ಬಲ ಅಂತ ಕುದುರೇನ ಊರೊಳಗೆ ನಡೆಸ್ಕೊಂಡು ಬರ್ತಾರೆ," ಎಂದು ನಕ್ಕಳು. ನಗು ಬೇಗ ಮುಗಿಯಿತು.

ಅವಳು ಪದ್ಯ ಮತ್ತೆ ಗಟ್ಟಿ ಮಾಡಿಕೊಳ್ಳುತ್ತಿದ್ದುದು ಕಂಪ್ಯೂಟರಿನಿಂದ. ದಪ್ಪ ಬೆನ್ನಿನ ಪರದೆ, ಮೇಜಿನ ಕೆಳಗೆ ಗೊರಕೆ ಹೊಡೆಯುವ ಡಬ್ಬ. ಇಡೀ ಸಂಧಿಯನ್ನು ನಾನೇ ಟೈಪು ಮಾಡಿ ಅದರೊಳಗೆ ಹಾಕಿದ್ದೆ. ಒಂದು ಗುಂಡಿ ಒತ್ತಿದರೆ ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ನಾನೇ ಓದಿ ಹೇಳಬಹುದಿತ್ತಲ್ಲ ಎಂದರೆ, ನಾಲ್ಕು ಪದ್ಯ ದಾಟುವುದರೊಳಗೆ ನನ್ನ ಗಂಟಲು ಕಟ್ಟುತ್ತದೆ. "ದೊರೆ ಅಳೋ ಮುಂಚೆ ನೀನು ಅತ್ತಿರ್ತೀಯ, ನಿನ್ನ ಸಮಾಧಾನ ಮಾಡ್ಲೋ, ಪದ್ಯ ಕಲೀಲೋ?" ಎನ್ನುತ್ತಿದ್ದಳು. ಹೊಸ ಯಂತ್ರ ತರೋಣವೆಂದರೆ ಕನ್ನಡ ಓದುವ ಆ ಹಳೇ ಪ್ರೋಗ್ರಾಮು ಹೊಸದರಲ್ಲಿ ಕೂರುತ್ತಿರಲಿಲ್ಲ.

ಆ ಯಂತ್ರ ಈಗ ಮುದಿಯಾಗಿತ್ತು. ಗುಂಡಿ ಒತ್ತಿದ ಮೇಲೆ ಮೊದಲ ಮಾತು ಹೊರಡಲು ಇಪ್ಪತ್ತೆರಡು ನಿಮಿಷ. ಹೊರಟ ಮೇಲಾದರೂ ನೆಟ್ಟಗೆ ಹೋಗುತ್ತಿತ್ತೇ, ಅದೂ ಇಲ್ಲ. ಅವತ್ತು ನನ್ನ ಮುಂದೆಯೇ "ಬರಿದೆ ಜೀನನು ಹೊತ್ತು" ಎಂದು ಕುದುರೆಯ ಬೆನ್ನಿನ ಜೀನಿನ ಹತ್ತಿರವೇ ನಿಂತುಬಿಟ್ಟಿತು. ಚೂಡಕ್ಕ ಎದ್ದು ಒಳಗೆ ಹೋಗಿ, ತಡವರಿಸದೆ ಒಲೆ ಹಚ್ಚಿ, ಎರಡು ಹಪ್ಪಳ ಸುಟ್ಟು ತಂದು ನನ್ನ ಕೈಗೊಂದು ಕೊಟ್ಟಳು. ಆಗ ಅದು "ಮರಳಿತು" ಎಂದಿತು.

"ನೋಡಿದ್ಯಾ? ಈ ಕುದುರೆ ಊರಿಗೆ ಬರೋದ್ರೊಳಗೆ ನಾನು ಊರು ಬಿಟ್ಟಿರ್ತೀನಿ. ಅರವತ್ನಾಲ್ಕು ಪದ್ಯ ಇದೆ, ಹನ್ನೆರಡು ದಿನ ಇದೆ. ಏನಾದ್ರೂ ಮಾಡೋ."

ಕಚೇರಿಯಲ್ಲಿ ಮೂರು ಹಳೇ ಕಂಪ್ಯೂಟರುಗಳನ್ನು ನಿವೃತ್ತಿಯವರೆಗೆ ತಳ್ಳಿಕೊಂಡು ಬಂದವನು ನಾನು. ಮನಸ್ಸಿನಲ್ಲಿ ಒಂದು ಶರಣು ಹೇಳಿ ಸೆಟ್ಟಿಂಗ್ಸ್ ತೆರೆದೆ. ರೋಗವೇನೋ ಮೇಲ್ನೋಟಕ್ಕೇ ಕಂಡಿತು. ಯಂತ್ರ ಎದ್ದ ಕೂಡಲೇ ತಾವೂ ಏಳುವ ಹನ್ನೊಂದು ಪ್ರೋಗ್ರಾಮುಗಳಿದ್ದವು. ಯಾವುದು ತೆರೆದರೂ ಮೆಲ್ಲಗೆ ಮೂಡಿ ಮೆಲ್ಲಗೆ ಮಾಯವಾಗುವ ಬಿನ್ನಾಣ, ಬಾಣದ ಗುರುತಿನ ಕೆಳಗೊಂದು ನೆರಳು, ಸುಮ್ಮನಿದ್ದರೆ ಪರದೆಯ ತುಂಬ ತೇಲುವ ಮೀನುಗಳು. ಕಣ್ಣಿಲ್ಲದವಳ ಮನೆಯಲ್ಲಿ ಇಷ್ಟೆಲ್ಲ ಸಿಂಗಾರ! ಅದರ ಮೇಲೆ ವರ್ಷಾನುಗಟ್ಟಲೆ ತುಂಬಿಕೊಂಡ ಟೆಂಪರರಿ ಫೈಲುಗಳು. ಕೊನೆಯಲ್ಲಿ ಕರೆಂಟು ಉಳಿಸಲೆಂದು ಯಂತ್ರವನ್ನು ಕುಂಟಿಸುವ ಒಂದು ಆಯ್ಕೆ. ಎಲ್ಲವನ್ನೂ ಅಲ್ಲೇ ತೆಗೆದುಹಾಕಬಹುದಿತ್ತು. ಆದರೆ ತೆಗೆದದ್ದು ಎಲ್ಲಿಗೆ ಹೋಗಬೇಕು? ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಂಡೆ. ಚೂಡಕ್ಕ ಬೆಲ್ಲದ ಅಚ್ಚು ಒಡೆದು ಕೊಟ್ಟಳು. ಬೀದಿಗೆ ಬಂದೆ.

ಮೊದಲು ಸಿಕ್ಕವನು ಬೇಕರಿಯ ಪದ್ದಣ್ಣ.

"ಮೀನಾ? ಸ್ವಾಮಿ, ನಮ್ದು ಮೊಟ್ಟೇನೂ ಹಾಕದ ಬೇಕರಿ!"

"ತಿನ್ನೋ ಮೀನಲ್ಲ ಪದ್ದಣ್ಣ, ನೋಡೋ ಮೀನು. ಜೊತೆಗೆ ಮೆಲ್ಲಗೆ ಮೂಡೋದು, ಮೆಲ್ಲಗೆ ಮಾಯವಾಗೋದು, ಒಂದು ನೆರಳು, ಎಲ್ಲ ಸೇರಿಸಿ ಕೊಡ್ತೀನಿ."

ಅವನು ಎರಡು ನಿಮಿಷ ಯೋಚಿಸಿ ಬೆಲ್ಲ ಬಾಯಿಗೆ ಹಾಕಿಕೊಂಡ. ಮರುದಿನದಿಂದ ಅವನ ಗಾಜಿನ ಬೀರುವಿನಲ್ಲಿ ಬನ್ನುಗಳ ನಡುವೆ ಕೆಂಪು ಮೀನುಗಳು ಓಡಾಡಿದವು. ಅಂಗಡಿ ಮುಚ್ಚುವಾಗ ಶಟರ್ ಧಡಾರೆನ್ನುವುದು ನಿಂತಿತು. ಅದು ಮಂಜು ಇಳಿದಂತೆ ಇಳಿಯುತ್ತಿತ್ತು. ಪದ್ದಣ್ಣನೂ ಅಷ್ಟೇ, ಮಾತು ಮುಗಿಸಿ ಥಟ್ಟನೆ ಒಳಗೆ ಹೋಗಲಾರದವನಾದ. ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದ. ಹೆಂಡತಿಗೆ ಅದು ಹಿಡಿಸಿತಂತೆ.

ಟೆಂಪರರಿ ಫೈಲು ಎಂದರೆ ಏನೆಂದು ಬಳೆ ಅಂಗಡಿಯ ಫಾತಿಮಾಬಿಗೆ ತಿಳಿಸುವುದು ಕಷ್ಟವಾಯಿತು. ಅರ್ಧ ಓದಿ ಬಿಟ್ಟ ಸಾಲು, ಅರ್ಧ ಹೇಳಿ ಬಿಟ್ಟ ಮಾತು, ಯಾವುದಕ್ಕೂ ಬಾರದ ಚೂರುಪಾರು ಎಂದೆ. "ಒಡೆದ ಬಳೆ ಚೂರನ್ನೇ ಬಿಸಾಕೋದಿಲ್ಲ ಅಣ್ಣ ನಾನು. ಮಾತಿನ ಚೂರು ಬಿಸಾಕ್ತೀನಾ? ಇತ್ಲಾಗಿ ಕೊಡಿ," ಎಂದಳು. ಅಂದಿನಿಂದ ಬಳೆ ತೊಡಿಸುತ್ತಾ ತೊಡಿಸುತ್ತಾ ನಡುವೆ ಅರ್ಧ ಪದ್ಯ ಅವಳ ಬಾಯಿಂದ ಉದುರುತ್ತಿತ್ತು. ಕೈ ನೋವು ಗೊತ್ತಾಗುವುದಿಲ್ಲವೆಂದು ಹೆಂಗಸರು ಅವಳ ಅಂಗಡಿಯನ್ನೇ ಹುಡುಕಿಕೊಂಡು ಬಂದರು.

ಬೆಳಗ್ಗೆ ತಾವಾಗಿ ಏಳುವ ಹನ್ನೊಂದು ಪ್ರೋಗ್ರಾಮುಗಳನ್ನು ಯಾರ ತಲೆಗೆ ಕಟ್ಟುವುದೆಂದು ನನಗೆ ಅಳುಕಿತ್ತು. ಒಂದೊಂದಾಗಿ ಹಂಚಬೇಕಾದೀತು ಎಂದುಕೊಂಡು ಡ್ರಿಲ್ ಮೇಷ್ಟ್ರು ಜಯದೇವಪ್ಪನವರ ಗೇಟಿನ ಮುಂದೆ ನಿಂತೆ. ಅವರು ಶಾಲೆ ಬಿಟ್ಟು ಆರು ವರ್ಷವಾಗಿತ್ತು. ಶಾಲೆ ಬಿಟ್ಟಾಗ ಅವರ ಸೀಟಿ ಯಾರ ಮನೆ ಸೇರಿತು ಎಂದು ಊರಿಗೆ ಗೊತ್ತಿತ್ತು. ಅವರ ಮನೆಗೆ ಏನು ಬಂತು ಎಂದು ಯಾರೂ ಕೇಳಿರಲಿಲ್ಲ.

"ಎಷ್ಟಿವೆ ಅಂದ್ರಿ?"

"ಹನ್ನೊಂದು ಮೇಷ್ಟ್ರೇ. ಒಂದೋ ಎರಡೋ ಹಿಡ್ಕೊಂಡ್ರೆ ಸಾಕು."

"ಅಚ್ಯುತರಾಯ್ರೇ, ಬೆಳಗ್ಗೆ ಐದಕ್ಕೆ ಎಚ್ಚರ ಆಗುತ್ತೆ. ಎದ್ದು ಏನು ಮಾಡ್ಲಿ ಹೇಳಿ. ಸೂರು ನೋಡ್ತೀನಿ, ಎಂಟರ ತನಕ. ಒಂದೂ ಬೇರೆಯವರಿಗೆ ಕೊಡ್ಬೇಡಿ. ಹನ್ನೊಂದೂ ನಂಗೇ ಕೊಟ್ಬಿಡಿ."

ಉಳಿದ ಬೆಲ್ಲದಲ್ಲಿ ದೊಡ್ಡ ಚೂರನ್ನೇ ಆರಿಸಿ ಅವರ ಕೈಗಿಟ್ಟೆ. ಮರುದಿನ ಐದಕ್ಕೆ ಅವರ ಮನೆಯಲ್ಲಿ ರೇಡಿಯೋ ಹಾಡಿತು, ಒಲೆ ಹತ್ತಿತು, ಪೊರಕೆ ಆಡಿತು, ಗಿಡಕ್ಕೆ ನೀರು ಬಿತ್ತು, ಎಲ್ಲ ಒಟ್ಟೊಟ್ಟಿಗೆ. ಬನಿಯನ್ನು ತಿರುಗುಮುರುಗು ಹಾಕಿಕೊಂಡು ಮೇಷ್ಟ್ರು ಮಲ್ಲಿಗೆ ಬಳ್ಳಿಗೆ ಹಗ್ಗ ಕಟ್ಟುತ್ತಾ ಯಾರನ್ನೋ ಗದರುತ್ತಿದ್ದರು. ಬಹಳ ಸಂತೋಷವಾಗಿದ್ದರು.

ಎಲ್ಲದಕ್ಕೂ ಮನೆ ಸಿಕ್ಕಿತೆಂದು ಬಂದು, ಚೀಟಿ ಎದುರಿಗಿಟ್ಟುಕೊಂಡು, ಒಂದೊಂದೇ ಆಯ್ಕೆ ತೆಗೆದೆ. ಕೊನೆಗೆ ಕರೆಂಟಿನದನ್ನು ಪೂರ್ತಿ ವೇಗಕ್ಕೆ ಇಟ್ಟೆ. ಆ ಉಳಿತಾಯದ ಗುಣವನ್ನು ಚೂಡಕ್ಕ ತಾನೇ ಹಿಡಿದುಕೊಂಡಿದ್ದಳು. "ಎಣ್ಣೆ ಜಾಸ್ತಿ ಸುರೀತೀನಿ ಅಂತ ಎಲ್ರೂ ಬೈತಾರೆ, ಒಳ್ಳೇದೇ ಆಯ್ತು" ಎಂದಿದ್ದಳು. ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅದು ಎದ್ದು ಕೂತು, ಎಲ್ಲೂ ತಡೆಯದೆ, ನೀಟಾಗಿ ಓದಿತು:

ಬರಿದೆ ಜೀನನು ಹೊತ್ತು ಮರಳಿತು
ಕರಿಯ ಕುದುರೆಯು ಸಂಜೆ ವೇಳೆಗೆ
ದೊರೆಯ ಕೇಳುವರಾರು ಕುದುರೆಯ ಕಣ್ಣ ನೋಡದೆಯೆ

ಚೂಡಕ್ಕ ಕುರ್ಚಿಯ ಕೈ ಹಿಡಿದು, "ಅಯ್ಯೋ, ಇದಕ್ಕೆ ಪ್ರಾಯ ಬಂತಲ್ಲೋ!" ಎಂದಳು. ಅವತ್ತೇ ಹನ್ನೆರಡು ಪದ್ಯ ಗಟ್ಟಿ ಮಾಡಿದಳು.

ನಾವು ಮಾಡಿದ ತಪ್ಪು ನನಗೆ ತಿಳಿದದ್ದು ಎರಡು ದಿನದ ಮೇಲೆ. ನೆರಳಿಗೆ ಮನೆ ಕೇಳಿದ್ದೆವು, ಮೀನಿಗೆ ಕೇಳಿದ್ದೆವು, ಮಾತಿನ ಚೂರಿಗೆ ಕೇಳಿದ್ದೆವು. ಯಂತ್ರ ನಿಜವಾಗಿ ಬಿಟ್ಟದ್ದು ಏನನ್ನೋ ಅದಕ್ಕೆ ಕೇಳಿರಲಿಲ್ಲ. ಯಂತ್ರ ಬಿಟ್ಟದ್ದು ನಿಧಾನವನ್ನು. ಚೀಟಿಯಲ್ಲಿ ನಾನು ಅದನ್ನು ಬರೆದೇ ಇರಲಿಲ್ಲ.

ಅದು ನನ್ನ ಕಿವಿಗೆ ಬಂದು ಸೇರಿತ್ತು. ಒಲೆಯ ಮೇಲಿಂದ ಕುಕ್ಕರ್ ಇಳಿಸಿ, ಊಟ ಮುಗಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಅದರ ಕೂಗು ಕೇಳಿಸಿತು. ಪದ್ದಣ್ಣ "ಬನ್ನು ಎಷ್ಟು ಕೊಡ್ಲಿ?" ಎಂದದ್ದು ನಾನು ಬನ್ನಿಲ್ಲದೆ ಮನೆಗೆ ಬಂದ ಮೇಲೆ ಮುಟ್ಟಿತು. ನಾನು ಖಾಲಿ ಗೋಡೆಗೆ "ನಾಲ್ಕು" ಎಂದೆ. ಗಡಿಯಾರ ಹಿಡಿದು ನೋಡಿದೆ. ಯಾವ ಸದ್ದಾದರೂ ಸರಿ, ಇಪ್ಪತ್ತೆರಡು ನಿಮಿಷ ತಡ. ನಾಲಿಗೆಗೆ ಏನೂ ಆಗಿರಲಿಲ್ಲ, ನನ್ನ ಮಾತು ಆಡಿದ ತಕ್ಷಣ ಹೊರಡುತ್ತಿತ್ತು. ನನಗೆ ಬರುವ ಮಾತು ಮಾತ್ರ ದಾರಿಯಲ್ಲಿ ಎಲ್ಲೋ ಕೂತು ಬರುತ್ತಿತ್ತು.

ಚೂಡಕ್ಕನಿಗೆ ಹೇಳಲಿಲ್ಲ. ಕಣ್ಣಿಲ್ಲದವಳಿಂದ ಮುಚ್ಚಿಡುವುದು ಸುಲಭ ಎಂದುಕೊಂಡದ್ದು ನನ್ನ ಪೆದ್ದುತನ. ಆ ಸಂಜೆ ಇಪ್ಪತ್ತು ಪದ್ಯ ಒಪ್ಪಿಸಿ, ತುಟಿ ನಿಲ್ಲಿಸಿ ನನ್ನ ಕಡೆ ಮುಖ ಮಾಡಿದಳು. ಏನೋ ಕೇಳಿದಳೆಂದು ಕಂಡಿತು. "ಚೆನ್ನಾಗಿತ್ತು" ಎಂದೆ. ಮತ್ತೇನೋ ಕೇಳಿದಳು. "ಹೌದು ಚೂಡಕ್ಕ" ಎಂದೆ. ಅವಳು ಎದ್ದು ಬಂದು, ತಡವಿ, ನನ್ನ ಕಿವಿ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಮೊರ ತಂದು, ಎದುರಿಗೆ ಕೂತು, ಒಂದು ಮೊರ ಅವರೆಕಾಯಿ ಸುಲಿದಳು. ಅಷ್ಟು ಹೊತ್ತಿಗೆ ಅವಳ ಮಾತು ನನ್ನನ್ನು ಮುಟ್ಟಿತು.

"ಬೇಕಂತಲೇ ಎರಡು ಕಡೆ ತಪ್ಪು ಹೇಳಿದೆ. ಯಾಕೆ ತಿದ್ದಲಿಲ್ಲ?" ಎಂಬುದು ಮೊದಲನೆಯದು. "ನಿನ್ನ ಕಿವಿಗೆ ಏನಾಗಿದೆಯೋ?" ಎಂಬುದು ಎರಡನೆಯದು.

ಹೇಳಿದೆ. ಅವಳು ಬೈದಳೆಂದು ಕಾಣುತ್ತದೆ, ಏಕೆಂದರೆ ಅವರೆಕಾಳು ಚೆಲ್ಲಿತು. ನಾನು ಚೆಲ್ಲಿದ ಕಾಳು ಆರಿಸಿ, ತೊಳೆದು, ಬೇಯಲಿಟ್ಟು ಬಂದು ಕೂತಾಗ ಬೈಗುಳ ತಲುಪಿತು. "ದಡ್ಡಮುಂಡೇದೇ, ಈಗಿಂದೀಗ್ಲೇ ಹಳೇ ಸೆಟ್ಟಿಂಗು ವಾಪಸ್ ಹಾಕು! ನನಗೆ ಓದೂ ಬೇಡ, ಕುದುರೇನೂ ಬೇಡ."

"ಹಾಕೋದಿಲ್ಲ," ಎಂದೆ. "ವಾಪಸ್ ಹಾಕಿದ್ರೆ ಯಂತ್ರ ನಿಲ್ಲುತ್ತೆ, ನೀವು ನಿಲ್ತೀರಿ. ಪದ್ದಣ್ಣನ ಮೀನು ಹೋಗುತ್ತೆ. ಮೇಷ್ಟ್ರು ಮತ್ತೆ ಬೆಳಗ್ಗೆ ಐದರಿಂದ ಎಂಟರ ತನಕ ಸೂರು ನೋಡ್ಕೊಂಡು ಮಲಗಿರ್ಬೇಕು. ಓದು ಮುಗೀಲಿ, ಆಮೇಲೆ ನೋಡೋಣ."

ನಾವು ಹೀಗೆ ಜಗಳವಾಡಿದೆವು. ನಾಲ್ಕು ಮಾತಿನ ಜಗಳಕ್ಕೆ ಇಡೀ ಸಂಜೆ ಬೇಕಾಯಿತು. ಒಂದು ಮಾತು ಆಡಿ ಇಪ್ಪತ್ತೆರಡು ನಿಮಿಷ ಸುಮ್ಮನೆ ಕೂತರೆ ಸಿಟ್ಟು ಎಷ್ಟೆಂದು ನಿಂತೀತು? ಕೊನೆಯ ಮಾತು ಬರುವಾಗ ಅವಳು ನನಗೆ ಅವರೆಕಾಳಿನ ಸಾರು ಬಡಿಸುತ್ತಿದ್ದಳು. "ಮತ್ತೆ ನನಗೆ ಪದ ಯಾರೋ ಎತ್ತಿಕೊಡೋರು?" ಎಂದು ಆ ಮಾತು.

ಪದ್ಯ ಅಷ್ಟೂ ನನಗೆ ಬಾಯಿಗೆ ಬರುತ್ತಿತ್ತು. ಮರುದಿನದಿಂದ ಅವಳ ಎದುರಿಗೆ ಕೂತು ತುಟಿ ನೋಡತೊಡಗಿದೆ. ಇಷ್ಟು ವರ್ಷ ಕಣ್ಣು ಮುಚ್ಚಿ ಕೇಳಿದವನು ಈಗ ಕಣ್ಣು ಬಿಟ್ಟು ಕೇಳಬೇಕಾಯಿತು. ಬಾಯಿ ಅಗಲವಾದರೆ ಯಾವ ಅಕ್ಷರ, ಮುಚ್ಚಿದರೆ ಯಾವುದು, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ, ಎಲ್ಲ ಕಲಿತೆ. ಒಂಬತ್ತು ದಿನಕ್ಕೆ ಅವಳು ಎಲ್ಲಿ ತಪ್ಪಿದರೂ ಹಿಡಿಯುವಷ್ಟಾದೆ. ಆದರೂ ಒಂದು ಭಯ ಉಳಿಯಿತು. ತುಟಿ ನಿಂತಾಗ ಅದು ಮರೆವೋ, ಅವಳೇ ಬೇಕೆಂದು ಬಿಟ್ಟ ಮೌನವೋ, ಕಣ್ಣಿಗೆ ತಿಳಿಯುವುದಿಲ್ಲ. ಹೋದ ವರ್ಷ ಕಿವಿ ಸರಿ ಇದ್ದಾಗಲೇ ನನಗೆ ತಿಳಿದಿರಲಿಲ್ಲ.

ಹುಣ್ಣಿಮೆಯ ಮಧ್ಯಾಹ್ನ ಮಂಟಪ ತುಂಬಿತ್ತು. ಫಾತಿಮಾಬಿ ಚೂಡಕ್ಕನ ಕೈ ಹಿಡಿದು ಕರೆತಂದಳು. ಮೇಷ್ಟ್ರು ಬೆಳಗಿನಿಂದ ಹನ್ನೊಂದು ಕೆಲಸ ಮುಗಿಸಿ ಬಂದು ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ನಾನು ಈ ಸಲ ಚೂಡಕ್ಕನ ಪಕ್ಕದಲ್ಲಲ್ಲ, ಎದುರಿಗೆ ಕೂತೆ. ಅವಳು ಶುರು ಮಾಡಿದಳು. ನನಗೆ ಕೇಳುತ್ತಿದ್ದುದು ಇಪ್ಪತ್ತೆರಡು ನಿಮಿಷ ಹಿಂದಿನ ಜಮಖಾನ ಹಾಸುವ ಸದ್ದು, ಕೊಡೆ ಮಡಿಸುವ ಸದ್ದು. ಆಮೇಲೆ ಓದು ಕೇಳತೊಡಗಿತು, ಆದರೆ ಅವಳ ತುಟಿ ಅದಾಗಲೇ ಬಹಳ ಮುಂದಿತ್ತು. ಕಿವಿಗೆ ಹೊರಟ ಮನಸ್ಸನ್ನು ಹಿಡಿದು ಹಿಡಿದು ಕಣ್ಣಿಗೆ ತಂದೆ. ಅಂಥ ದನಿಗೆ ಕಿವಿಗೊಡದೆ ಕೂರುವುದು ನನ್ನ ಪಾಲಿಗೆ ಉಪವಾಸಕ್ಕಿಂತ ಕಷ್ಟವಾಗಿತ್ತು.

ಅರವತ್ತನೆಯ ಪದ್ಯ ಮುಗಿಯಿತು. ಚೂಡಕ್ಕನ ತುಟಿ ನಿಂತಿತು. ನನ್ನ ಕಿವಿಯಲ್ಲಿ ದೊರೆ ಆಗಿನ್ನೂ ಕುದುರೆ ಏರಿ ಕಾಡಿಗೆ ಹೊರಟಿದ್ದ. ಜನ ನನ್ನ ಕಡೆ ನೋಡಿದರು, ಮತ್ತೆ ಅವಳ ಕಡೆ ನೋಡಿದರು. ಅವಳು ಗದ್ದವನ್ನು ಎದೆಗೆ ತಾಗಿಸಿದಳು. ಬಾಯಿ ಕಾಣಲಿಲ್ಲ. ಇದು ಮೌನವಾಗಿದ್ದರೆ ನನ್ನ ಮಾತು ಅದನ್ನು ಕೆಡಿಸುತ್ತದೆ. ಮರೆವಾಗಿದ್ದರೆ ಸುಮ್ಮನಿದ್ದ ನಾನು ಎರಡನೆಯ ಸಲವೂ ಅವಳನ್ನು ಕೈಬಿಟ್ಟ ಹಾಗೆ. ಮಡಿಲಲ್ಲಿದ್ದ ಅವಳ ಬೆರಳುಗಳನ್ನು ನೋಡಿದೆ. ತಾಳ ಹಾಕುತ್ತಿದ್ದ ಬೆರಳು ಸೆರಗಿನ ಅಂಚನ್ನು ಹುಡುಕುತ್ತಿತ್ತು.

"ಬರಿದೆ," ಎಂದೆ.

ಚೂಡಕ್ಕನ ತಲೆ ಮೇಲೆ ಬಂತು. ತುಟಿ ತೆರೆಯಿತು. ಅಗಲವಾಗಿ, ಮುಚ್ಚಿ, ಮತ್ತೆ ಅಗಲವಾಗಿ, ನಾನು ನೋಡಿ ಕಲಿತ ಹಾಗೇ ಆ ಪದ್ಯ ಅವಳ ಮುಖದಲ್ಲಿ ನಡೆದುಹೋಯಿತು. ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ಅರವತ್ನಾಲ್ಕೂ ಮುಗಿದವು. ಜನ ಎದ್ದು, ಬಗ್ಗಿ ಅವಳ ಕೈ ಮುಟ್ಟಿ, ನನ್ನ ಭುಜ ತಟ್ಟಿ, ಏನೇನೋ ಹೇಳಿ ಮನೆಗೆ ಹೊರಟರು. ಜಮಖಾನ ಸುತ್ತಿಟ್ಟರು. ಫಾತಿಮಾಬಿ ಕರೆಯಲು ಬಂದಾಗ ಚೂಡಕ್ಕ ಅವಳಿಗೇನೋ ಹೇಳಿ ಕಳುಹಿಸಿಬಿಟ್ಟು, ಗೋಡೆ ಹಿಡಿದು ಬಂದು, ನನ್ನ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತಳು. ನನ್ನ ಓದು ಇನ್ನೂ ಮುಗಿದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಈಗ ಕಣ್ಣು ಮುಚ್ಚಿದೆ. ಇನ್ನು ಅದರ ಕೆಲಸವಿರಲಿಲ್ಲ. ಖಾಲಿ ಮಂಟಪದಲ್ಲಿ ನನ್ನ ಕಿವಿಗೆ ಮಾತ್ರ ಜನ ತುಂಬಿದ್ದರು. ಕಾಡು ದಾಟಿತು, ದೊರೆ ಇಳಿದ, ಕುದುರೆಯ ಕುತ್ತಿಗೆ ತಟ್ಟಿ ಹಿಂದಕ್ಕೆ ಕಳಿಸಿದ. ಅರವತ್ತನೆಯ ಪದ್ಯ ಮುಗಿಯಿತು. ನಂತರ ಆ ಮೌನ ಬಂತು. ನಾನು ಅಂದುಕೊಂಡದ್ದಕ್ಕಿಂತ ಉದ್ದವಾಗಿತ್ತು. ಯಾರೋ ಕೆಮ್ಮಿದರು. "ಹೋಯ್ತು, ಈ ಸಲಾನೂ," ಎಂದು ಯಾರೋ ಪಿಸುಗುಟ್ಟಿದರು. ಅದರ ಅಡಿಯಲ್ಲಿ, ಎದುರಿಗೆ ಕೂತವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಪದ್ಯದ ದನಿಯಲ್ಲದ ದನಿಯಲ್ಲಿ, ಚೂಡಕ್ಕ ಕೇಳಿದಳು:

"ಅಚ್ಯುತ, ಇದ್ದೀಯೇನೋ?"

ಆಮೇಲೆ ನನ್ನದೇ ದನಿ "ಬರಿದೆ" ಎಂದಿತು.

ಗದ್ದ ತಗ್ಗಿಸಿ ಅವಳು ಕೇಳಿದ್ದು ಅದನ್ನು. ಆ ಹೊತ್ತಿಗೆ ನನಗದು ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ಕೇಳಿದ್ದಳು. ಕಿವಿಯಲ್ಲಿ ಕುದುರೆ ಊರ ಬಾಗಿಲಿಗೆ ಬರುತ್ತಿತ್ತು. ನಾನು ಕಣ್ಣು ತೆರೆದು, ಪಕ್ಕಕ್ಕೆ ತಿರುಗಿ, "ಇದ್ದೀನಿ ಚೂಡಕ್ಕ," ಎಂದೆ.

ಅವಳು ಏನೋ ಹೇಳಿದಳು. ಬೆಳಕು ಇಳಿದಿತ್ತು, ತುಟಿ ಸರಿಯಾಗಿ ಕಾಣಲಿಲ್ಲ. ಎರಡು ಮಾತಿರಬೇಕು, ಮೂರಿದ್ದರೂ ಇರಬಹುದು. ಹೇಳಿ ಮುಗಿಸಿ, ಕಾಲು ನೀಡಿ, ಕಂಬಕ್ಕೆ ಒರಗಿ ಕೂತಳು. ನಾನೂ ಒರಗಿದೆ. ಇನ್ನು ಇಪ್ಪತ್ತೆರಡು ನಿಮಿಷಕ್ಕೆ ಅದು ಬರುತ್ತದೆ.